ತೋರ್ವೆಲ್‌ಬಿ ಎಂಬ ಹೆಸರಿನ ಆರು ಚುಕ್ಕೆಗಳು

ನಾನು ಮಾಡಿದ ಮೊದಲ ನಕ್ಷೆಯಲ್ಲಿ ಲಂಡನ್ ಕೆಂಪಗೆ ಊದಿಕೊಂಡು ಕೂತಿತ್ತು. ಅದನ್ನು ಮೇಜಿನ ಮೇಲೆ ಹರಡಿದಾಗ ನಮ್ಮ ಗಿರಾಕಿ, ಎಪ್ಪತ್ತು ದಾಟಿದ ಇಂಗ್ಲಿಷ್ ಎಂಜಿನಿಯರ್, ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿ ನಕ್ಕುಬಿಟ್ಟರು.

“ಇದು ನನ್ನ ಹೆಸರಿನ ನಕ್ಷೆ ಅಲ್ಲ. ಇಂಗ್ಲೆಂಡಿನಲ್ಲಿ ಜನ ಎಲ್ಲಿ ಹೆಚ್ಚಿದ್ದಾರೆ ಅನ್ನೋದರ ನಕ್ಷೆ.”

ನನಗೆ ನಗು ಬರಲಿಲ್ಲ. ಅಷ್ಟು ಜನ ತುಂಬಿರುವ ಊರಿನಲ್ಲಿ ಯಾವ ಹೆಸರು ಹುಡುಕಿದರೂ ನಾಲ್ಕು ಮಂದಿ ಸಿಕ್ಕೇ ಸಿಗುತ್ತಾರೆ. ಒಂದು ಹೆಸರು ಎಲ್ಲಿ ಹುಟ್ಟಿತು ಎಂದು ತಿಳಿಯಬೇಕಾದರೆ ತಲೆ ಎಣಿಸಿದರೆ ಸಾಲದು, ಆಯಾ ಊರಿನ ಒಟ್ಟು ಜನರಲ್ಲಿ ಆ ಹೆಸರಿನವರ ಪಾಲೆಷ್ಟು ಎಂದು ನೋಡಬೇಕು. ನಕ್ಷೆ ಸುತ್ತಿಕೊಂಡು ಎದ್ದೆ.

ನಮ್ಮ ಆಫೀಸು ಸಿಂಗಪುರದ ಉಬಿ ಎಂಬ ಕೈಗಾರಿಕಾ ಬಡಾವಣೆಯಲ್ಲಿತ್ತು. ಕೆಳಗಿನ ಮಹಡಿಗಳಲ್ಲೆಲ್ಲ ಕಾರಿಗೆ ಬಣ್ಣ ಹೊಡೆಯುವ ವರ್ಕ್‌ಶಾಪುಗಳು. ಲಿಫ್ಟಿನೊಳಗೂ ಥಿನ್ನರ್ ವಾಸನೆ. ಬ್ಯಾಂಕು, ಅಂಗಡಿ, ವಿಮಾ ಕಂಪನಿಗಳ ಗ್ರಾಹಕರ ಪಟ್ಟಿಗಳನ್ನು ಸ್ವಚ್ಛ ಮಾಡಿಕೊಡುವುದು ನಮ್ಮ ಕಸುಬು. ಒಬ್ಬರೇ ಎರಡು ಸಲ ಬಂದಿದ್ದರೆ ಒಂದು ಮಾಡುವುದು, ಹೆಸರಿನ ಸ್ಪೆಲ್ಲಿಂಗ್ ತಿದ್ದುವುದು, ವಿಳಾಸ ಸರಿಪಡಿಸುವುದು. ಊರೆಲ್ಲ ಕ್ರೇನುಗಳು ನಿಂತಿದ್ದ ಕಾಲ ಅದು. ಹೊಸ ಕಾಂಡೊ ಫ್ಲ್ಯಾಟುಗಳು, ಹೊಸ ಹೋಟೆಲು, ಹೊಸ ಕಂಪನಿ. ಎಲ್ಲರ ಹತ್ತಿರವೂ ಪಟ್ಟಿಗಳು, ಎಲ್ಲರಿಗೂ ಅವಸರ. ನಮ್ಮ ಮ್ಯಾನೇಜರಿಗೆ ಆ ಅವಸರದಲ್ಲೇ ಒಂದು ಯೋಚನೆ ಬಂದಿತ್ತು: ಇದೇ ಸಾಫ್ಟ್‌ವೇರಿನಿಂದ ಮನೆತನದ ಹೆಸರುಗಳ ನಕ್ಷೆ ಮಾಡಿ ಮಾರಬಾರದೇಕೆ?

ಮೊದಲ ಗಿರಾಕಿಯೇ ಈ ಎಂಜಿನಿಯರ್. ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾಗಿ ಸಿಂಗಪುರದಲ್ಲೇ ಉಳಿದುಕೊಂಡಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಮನೆತನದ ಹೆಸರು ತೋರ್ವೆಲ್‌ಬಿ. ತೀರಾ ಅಪರೂಪದ ಹೆಸರು. ಇಡೀ ಜಗತ್ತಿನ ತೋರ್ವೆಲ್‌ಬಿಗಳನ್ನು ಕೂಡಿಸಿದರೂ ಒಂದು ಸಣ್ಣ ಮದುವೆಯ ಪಂಕ್ತಿ ತುಂಬುವುದು ಕಷ್ಟ. ಆದರೂ ಇಂಗ್ಲೆಂಡಿನಲ್ಲಿ ಅವರದ್ದೇ ಒಂದು ಪುಟ್ಟ ಸಂಘ ಇತ್ತು. ಆ ಬೇಸಿಗೆಯಲ್ಲಿ ಅವರೆಲ್ಲ ಒಂದೆಡೆ ಸೇರುವವರಿದ್ದರು. ಅಲ್ಲಿ ಗೋಡೆಗೆ ಹಾಕಲು, ಹೆಸರು ಎಲ್ಲಿ ಹುಟ್ಟಿ ಎಲ್ಲೆಲ್ಲಿ ಚದುರಿದೆ ಎಂದು ತೋರಿಸುವ ಒಂದು ದೊಡ್ಡ ನಕ್ಷೆ ಬೇಕು ಎಂದು ಅವರು ಕೇಳಿದ್ದರು.

ಹೆಸರಿನ ಅರ್ಥವನ್ನೂ ಅವರೇ ನನಗೆ ಬಿಡಿಸಿ ಹೇಳಿದ್ದರು. ಕೊನೆಯ ‘ಬಿ’ ಎಂದರೆ ಹಳ್ಳಿ. ಸ್ಕ್ಯಾಂಡಿನೇವಿಯಾದಿಂದ ಸಮುದ್ರ ದಾಟಿ ಬಂದು ಇಂಗ್ಲೆಂಡಿನ ಪೂರ್ವದಲ್ಲಿ ನೆಲೆನಿಂತ ನಾರ್ಸ್ ಜನರ ಮಾತು. ತೋರ್ವಾಲ್ಡ್ ಎಂಬವನ ಹಳ್ಳಿ, ತೋರ್ವೆಲ್‌ಬಿ. ಆ ಹಳ್ಳಿ ಈಗಿಲ್ಲ. ಕುರಿ ಮೇಯಿಸಲೆಂದು ಯಾವನೋ ಒಡೆಯ ಎಲ್ಲರನ್ನೂ ಒಕ್ಕಲೆಬ್ಬಿಸಿದನಂತೆ. ಈಗ ಅಲ್ಲಿ ಹೊಲ ಮಾತ್ರ ಇದೆಯಂತೆ.

ಇದನ್ನು ಮ್ಯಾನೇಜರಿಗೆ ಹೇಳಿದಾಗ ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. ಅವರು ಹುಬ್ಬಳ್ಳಿ ಕಡೆಯವರು. ಹತ್ತು ಜನರ ನಡುವೆ ಬೆಂಗಳೂರಿನವರ ಹಾಗೆ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಹುಬ್ಬಳ್ಳಿ ಹೊರಬೀಳುತ್ತಿತ್ತು. ಅವರ ಅಡ್ಡಹೆಸರೂ ನರಗುಂದದ ಹತ್ತಿರದ ಒಂದು ಹಳ್ಳಿಯದು.

“ಸೇಮ್ ಟು ಸೇಮ್ ನಮ್ಮ ಥರಾನೇ. ಆದ್ರೆ ಒಂದು ವಿಷಯ ನೋಡಿ, ನಮ್ಮ ಹಳ್ಳಿಯೊಳಗೆ ಆ ಹೆಸರಿನೋರು ಒಬ್ರೂ ಇಲ್ಲ. ಅಲ್ಲಿದ್ದೋರನ್ನ ಊರಿನ ಹೆಸರಿಟ್ಟು ಯಾಕೆ ಕರೀತಾರೆ? ಊರು ಬಿಟ್ಟು ಹೋದೋನಿಗೇ ಊರಿನ ಹೆಸರು ಅಂಟ್ಕೊಳ್ಳೋದು.”

ಆ ಮಾತು ನನ್ನ ಕೆಲಸಕ್ಕೆ ಬಂತು. ಹಳ್ಳಿಯಿದ್ದ ಜಾಗದಲ್ಲಿ ಏನೂ ಸಿಗದಿದ್ದರೆ ಗಾಬರಿಯಾಗಬೇಕಿಲ್ಲ, ಅದರ ಸುತ್ತ ಒಂದು ದಿನದ ನಡಿಗೆಯಷ್ಟು ದೂರದ ಊರುಗಳನ್ನು ನೋಡಬೇಕು. ಹತ್ತೊಂಬತ್ತನೇ ಶತಮಾನದ ಜನಗಣತಿಯ ಸಿಡಿಗಳನ್ನು ತರಿಸಿ ಊರೂರಿನ ಲೆಕ್ಕ ತೆಗೆದೆ. ಸ್ಪೆಲ್ಲಿಂಗುಗಳು ಕಾಡಿದವು. ತೋರ್ವಿಲ್‌ಬಿ, ಥಾರ್ವೆಲ್‌ಬಿ, ಟರ್ವೆಲ್‌ಬಿ. ಬರೆದುಕೊಂಡವರ ಕಿವಿಗೆ ಕೇಳಿದ್ದೇ ಸ್ಪೆಲ್ಲಿಂಗ್. ಹಳೆಯ ಕೈಬರಹವನ್ನು ಕಂಪ್ಯೂಟರಿಗೆ ಹಾಕಿದವರು ಯಾರೋ ಮೊದಲ ಅಕ್ಷರವನ್ನು ತಪ್ಪಾಗಿ ಓದಿ, ಫೋರ್ವೆಲ್‌ಬಿ ಎಂಬ ಹುಟ್ಟೇ ಇಲ್ಲದ ಒಂದು ಕುಟುಂಬವನ್ನು ಸೃಷ್ಟಿಸಿದ್ದರು. ಅವರನ್ನು ಮನೆಗೆ ಸೇರಿಸಿದೆ. ಒಟ್ಟು ಜನರಲ್ಲಿ ಪಾಲು ತೆಗೆಯುವ ಸೂತ್ರ ಹಾಕಿ ಮತ್ತೆ ಓಡಿಸಿದಾಗ ಲಂಡನ್ ಮಂಕಾಗಿ, ಇಂಗ್ಲೆಂಡಿನ ಪೂರ್ವದ ಲಿಂಕನ್‌ಷೈರಿನ ಬಯಲಿನಲ್ಲಿ ಒಂದು ಕಡುಗೆಂಪು ಕಲೆ ಮೂಡಿತು. ಎಂಜಿನಿಯರ್ ಅದರ ಮೇಲೆ ಬೆರಳಿಟ್ಟರು.

ಆಮೇಲೆ ಸಮುದ್ರದಾಚೆಗಿನವರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡರ ಪಿನ್‌ಕೋಡಿಗೂ ನಾಲ್ಕೇ ಅಂಕಿ. ನಮ್ಮ ಪ್ರೋಗ್ರಾಮು ಎರಡನ್ನೂ ಕಲಸಿ, ನ್ಯೂಜಿಲೆಂಡಿನ ಒಬ್ಬ ರೈತನನ್ನು ಮೆಲ್ಬರ್ನಿನ ಪೇಟೆಯ ನಡುವೆ ತಂದು ಕೂರಿಸಿತ್ತು. ಅದನ್ನೂ ಬಿಡಿಸಿದೆ. ಕೊನೆಗೆ, ಯಾವ ನಿರೀಕ್ಷೆಯೂ ಇಲ್ಲದೆ, ಸಿಂಗಪುರದ ಫೋನ್ ಡೈರೆಕ್ಟರಿಯನ್ನು ಓಡಿಸಿದೆ. ನಮ್ಮ ಗಿರಾಕಿಯ ಒಂದು ಚುಕ್ಕೆ ಬರಬೇಕಿತ್ತು. ಅದರ ಜೊತೆಗೆ ಇನ್ನೂ ಆರು ಬಂದವು.

ಆರೂ ಭಾರತೀಯ ಹೆಸರುಗಳು, ಕೊನೆಯಲ್ಲಿ ತೋರ್ವೆಲ್‌ಬಿ.

ಫೋನಿನಲ್ಲಿ ಹೇಳಿದ ತಕ್ಷಣ ಎಂಜಿನಿಯರ್ ಟ್ಯಾಕ್ಸಿ ಹಿಡಿದು ಉಬಿಗೇ ಬಂದುಬಿಟ್ಟರು. ಪರದೆಯ ಮೇಲಿನ ಆರು ಚುಕ್ಕೆಗಳನ್ನು ನೋಡುತ್ತಾ ನಿಂತೇ ಮಾತಾಡಿದರು.

“ನನಗೊಬ್ಬ ಚಿಕ್ಕಪ್ಪ ಇದ್ದರು. ಯುದ್ಧಕ್ಕೂ ಮುಂಚೆ ರೈಲ್ವೆ ಎಂಜಿನಿಯರ್ ಆಗಿ ಮಲಯಕ್ಕೆ, ಈಗಿನ ಮಲೇಷ್ಯಾಕ್ಕೆ, ಬಂದರು. ಒಂದೆರಡು ವರ್ಷ ಸುದ್ದಿ ಇತ್ತಂತೆ, ಆಮೇಲೆ ಇಲ್ಲ. ಹೆತ್ತ ತಾಯಿಯನ್ನು ಮರೆತವನು ಅಂತ ನಮ್ಮ ಮನೆಯಲ್ಲಿ ಅವರ ಹೆಸರೆತ್ತುತ್ತಿರಲಿಲ್ಲ. ನಾನು ಈ ಕಡೆ ಕೆಲಸ ಹುಡುಕಿಕೊಂಡು ಬಂದದ್ದೇ ಅವರ ಸಲುವಾಗಿ ಅಂದರೆ ತಪ್ಪಲ್ಲ. ಇಷ್ಟು ವರ್ಷ ಹುಡುಕಿದೆ. ಇವರು ನನ್ನ ಚಿಕ್ಕಪ್ಪನ ಮೊಮ್ಮಕ್ಕಳು. ನೋಡಿ, ಇಷ್ಟು ಹತ್ತಿರದಲ್ಲೇ ಇದ್ದರು!”

ಅವತ್ತೇ ಇಂಗ್ಲೆಂಡಿನಲ್ಲಿರುವ ತಂಗಿಗೆ ಸುದ್ದಿ ಕಳಿಸಿದರು. ಸಂಘದವರು ಆರೂ ಮಂದಿಯನ್ನು ಸಮ್ಮೇಳನಕ್ಕೆ ಕರೆಸುವ ಮಾತಾಡತೊಡಗಿದರು. ಮ್ಯಾನೇಜರ್ ಅಂತೂ ನೆಲದ ಮೇಲಿರಲಿಲ್ಲ. “ಇದಕ್ಕಿಂತ ದೊಡ್ಡ ಡೆಮೊ ಬೇಕಾ? ಕಳೆದುಹೋದ ಫ್ಯಾಮಿಲೀನ ನಮ್ಮ ಸಾಫ್ಟ್‌ವೇರ್ ಹುಡುಕಿಕೊಡ್ತು! ಬ್ರೋಷರಿಗೆ ಇದನ್ನೇ ಹಾಕೋಣ.”

ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಏಕೆಂದು ಹೇಳಲೂ ಬರುತ್ತಿರಲಿಲ್ಲ. ಅಷ್ಟು ದಿನ ಒಂದೇ ಹೆಸರನ್ನು ನೋಡಿ ನೋಡಿ ಅದರ ನಡೆ ನನಗೆ ಗೊತ್ತಾಗಿತ್ತು. ಎಲ್ಲಿ ಹೋದರೂ ಅದು ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು; ಒಂದು ಮನೆಯಲ್ಲಿ ಮುದುಕ, ಎರಡು ಬೀದಿ ಆಚೆ ಮಗ, ಪಕ್ಕದ ಊರಲ್ಲಿ ಮೊಮ್ಮಗ. ಸಿಂಗಪುರದ ಆರು ಮಂದಿ ಹಾಗಿರಲಿಲ್ಲ. ಆರು ಬೇರೆ ಬೇರೆ ಮನೆ, ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಸೆಂಗ್‌ಕಾಂಗಿನಲ್ಲಿ ನಮ್ಮ ಮನೆಗೆ ಹೋಗುವ ಎಲ್‌ಆರ್‌ಟಿ ಸುತ್ತು ಹಾಕುವ ರೈಲು. ಆ ವಾರ ಯೋಚಿಸುತ್ತಾ ಇಳಿಯುವುದನ್ನು ಮರೆತು ಇಡೀ ಸುತ್ತು ತಿರುಗಿ ಬಂದದ್ದುಂಟು. ಮನೆಯಲ್ಲೂ ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಕಿಟಕಿಗೆ ಓಡಾಡುತ್ತಿದ್ದೆ. ನಮ್ಮ ಮಗಳು ಬಣ್ಣದ ಪೆನ್ಸಿಲ್ ಕೆಳಗಿಟ್ಟು, “ಅಮ್ಮಾ, ಸುಮ್ನೆ ಕೂತ್ಕೋ ಲಾ. ಯೂ ಮೇಕ್ ಮೀ ಡಿಜ್ಜಿ” ಎಂದು ಸಿಂಗಪುರದವರ ‘ಲಾ’ ಸೇರಿಸಿ ಹೇಳಿದಳು.

ಅನುಮಾನ ಬಂದಾಗ ಮಾಡುವ ಒಂದು ಪದ್ಧತಿ ನಮ್ಮ ಕಸುಬಿನಲ್ಲಿದೆ: ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಪಟ್ಟಿಯಲ್ಲಿ ಹುಡುಕುವುದು. ನಮ್ಮ ಬ್ಲಾಕಿನಲ್ಲಿ ಕೆಳಮನೆಯ ತಮಿಳು ಆಂಟಿಗೆ ಬರುವ ಕಾಗದಗಳು ಆಗಾಗ ನಮ್ಮ ಡಬ್ಬಿಗೆ ಬೀಳುತ್ತಿದ್ದವು, ಹಾಗಾಗಿ ಅವರ ಪೂರ್ತಿ ಹೆಸರು ನನಗೆ ಗೊತ್ತಿತ್ತು. ಸಿಂಗಪುರದಲ್ಲಿ ತಮಿಳರ ಹೆಸರಿನ ನಡುವೆ ‘ಎಸ್/ಓ’ ಅಥವಾ ‘ಡಿ/ಓ’ ಎಂದಿರುತ್ತದೆ. ಇಂಥವರ ಮಗ, ಇಂಥವರ ಮಗಳು ಎಂದರ್ಥ. ಆಂಟಿಯನ್ನು ನಮ್ಮ ಪಟ್ಟಿಯಲ್ಲಿ ಹುಡುಕಿದೆ. ಹೆಸರಿತ್ತು, ವಿಳಾಸವಿತ್ತು. ನಡುವಿನ ‘ಡಿ/ಓ’ ಇರಲಿಲ್ಲ. ಅವರ ಅಪ್ಪನ ಹೆಸರು ಅವರ ಮನೆತನದ ಹೆಸರಾಗಿ ಕುಳಿತಿತ್ತು.

ಪಟ್ಟಿ ಸ್ವಚ್ಛ ಮಾಡಲು ನಾವು ಬಳಸುತ್ತಿದ್ದ ನಿಯಮಗಳು ಹೊರಗಿನಿಂದ ಕೊಂಡುತಂದವು, ಇಂಗ್ಲೆಂಡಿನ ವಿಳಾಸಗಳಿಗೆಂದು ಬರೆದವು. ಅಲ್ಲಿ ಇನ್ನೊಬ್ಬರ ಮನೆಯ ವಿಳಾಸಕ್ಕೆ ಬರೆಯುವಾಗ ‘ಸಿ/ಓ’ ಎಂದು ಹಾಕುತ್ತಾರೆ, ಅದನ್ನು ಕಿತ್ತುಹಾಕಲು ಒಂದು ನಿಯಮವಿತ್ತು. ಅದು ಒಂದಕ್ಷರ, ಒಂದು ಓರೆಗೆರೆ, ಒಂದು ಓ ಕಂಡಲ್ಲೆಲ್ಲ ಕಿತ್ತುಹಾಕುತ್ತಿತ್ತು. ಮೂಲ ಫೈಲು ತೆರೆದೆ. ಆರು ಮಂದಿಯಲ್ಲಿ ಮೂವರು ‘ತೋರ್ವೆಲ್‌ಬಿಯ ಮಗ’, ಮೂವರು ‘ತೋರ್ವೆಲ್‌ಬಿಯ ಮಗಳು’.

ಅಂದರೆ ಆರೂ ಜನ ಒಡಹುಟ್ಟಿದವರು. ತೋರ್ವೆಲ್‌ಬಿ ಎಂಬುದು ಅವರ ಅಪ್ಪನಿಗೆ ತೊಟ್ಟಿಲಲ್ಲಿ ಇಟ್ಟ ಹೆಸರು. ಹಳೇ ಮೈಸೂರಿನ ಕಡೆಯವಳಾದ ನನಗೆ ಇದು ತಟ್ಟನೆ ಅರ್ಥವಾಯಿತು. ನಮ್ಮಲ್ಲೂ ಮನೆತನದ ಹೆಸರೆಂಬುದಿಲ್ಲ. ಅಪ್ಪನ ಹೆಸರಿನ ಮೊದಲಕ್ಷರ ಮುಂದೆ ಬರುತ್ತದೆ, ಮುಂದಿನ ತಲೆಮಾರಿಗೆ ಅದು ಬಿದ್ದುಹೋಗುತ್ತದೆ.

ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದು ಬಾಗಿಲು ಹಾಕಿದರು.

“ಇದನ್ನ ಕ್ಲೈಂಟಿಗೆ ಹೇಳ್ತೀರಾ?”

“ಹೇಳಲೇಬೇಕಲ್ವಾ ಸರ್?”

“ಹಂಗಲ್ರೀ. ಅಪ್ಪನಿಗ್ಯಾಕ ಆ ಹೆಸರಿಟ್ರು? ಸುಮ್ಮ ಸುಮ್ಮನ ಇಡ್ತಾರೇನು? ಆ ಚಿಕ್ಕಪ್ಪನ ಮಗಾನೇ ಇರಬಹುದಲ್ಲ. ನಿಮಗ ಖಾತ್ರಿ ಅದ ಏನು?”

ಖಾತ್ರಿ ಇರಲಿಲ್ಲ. ಅವರು ಹೇಳಿದಂತೆಯೂ ಇರಬಹುದಿತ್ತು, ಇಲ್ಲದಿರಲೂಬಹುದಿತ್ತು.

“ಖಾತ್ರಿ ಇಲ್ಲದ್ದನ್ನ ಹೇಳಿ ಮುದುಕನ ಮನಸ್ಸು ಮುರಿಯೋದು ಬ್ಯಾಡ. ಸಮ್ಮೇಳನ ಮುಗೀಲಿ. ನಿಯಮ ಫಿಕ್ಸ್ ಮಾಡಿ, ಸುಮ್ನಿರಿ.”

ನಿಯಮವನ್ನು ಅವತ್ತೇ ಸರಿಪಡಿಸಿದೆ. ಸುಮ್ಮನಿರುವುದು ಆಗಲಿಲ್ಲ. ಆರು ಜನರಿಗೂ ಫೋನ್ ಮಾಡಿ ಕೇಳಿಬಿಡುವುದು ಎಂದು ನಿರ್ಧರಿಸಿದೆ. ಉತ್ತರ ಯಾವ ಕಡೆಗಿದ್ದರೂ ಅದನ್ನೇ ಎಂಜಿನಿಯರಿಗೆ ಹೇಳುವುದು. ಮ್ಯಾನೇಜರಿಗೂ ಹಾಗೆಂದೇ ತಿಳಿಸಿದೆ. ಅವರು ನನ್ನ ಮುಖ ನೋಡದೆ, “ಆಫೀಸಿನ ಫೋನಿಂದ ಮಾಡಬ್ಯಾಡ್ರಿ” ಎಂದಷ್ಟೇ ಅಂದರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೆಳಗಿಳಿದು, ಬಣ್ಣದ ವಾಸನೆಯಿಂದ ದೂರ ನಿಂತು ಫೋನ್ ಮಾಡತೊಡಗಿದೆ. ಎರಡು ನಂಬರು ಸತ್ತಿದ್ದವು. ಒಬ್ಬರು ಮಾತು ಶುರುವಾಗುವ ಮೊದಲೇ ಇಟ್ಟುಬಿಟ್ಟರು. ಒಬ್ಬ ಗಂಡಸು, “ನಮ್ಮಪ್ಪನ ಹೆಸರು ನಿನಗ್ಯಾಕೆ? ಎಲ್ಲಿಂದ ಸಿಕ್ತು ನನ್ನ ನಂಬರ್?” ಎಂದು ಗದರಿಸಿದರು. ಅವರ ಸಿಟ್ಟಿನಲ್ಲಿ ತಪ್ಪೇನಿರಲಿಲ್ಲ. ಆದರೂ ಮಿಕ್ಕವರಿಗೆ ಮಾಡುವುದೋ ಬೇಡವೋ ಎಂದು ಪಾರ್ಕಿಂಗಿನ ಉದ್ದಕ್ಕೂ ಓಡಾಡಿದೆ. ಐದನೆಯವರು ಹೆಣ್ಣುಮಗಳು. ಹಿಂದೆ ಹೊಲಿಗೆ ಯಂತ್ರಗಳ ಸದ್ದು.

“ಇನ್ಶೂರೆನ್ಸ್ ಬೇಡಮ್ಮಾ. ಕ್ರೆಡಿಟ್ ಕಾರ್ಡೂ ಬೇಡ ಲಾ.”

“ಅದಲ್ಲ ಆಂಟಿ. ನಿಮ್ಮ ತಂದೆಯವರಿಗೆ ತೋರ್ವೆಲ್‌ಬಿ ಅಂತ ಯಾಕೆ ಹೆಸರಿಟ್ಟರು ಅಂತ ಕೇಳಬೇಕಿತ್ತು.”

ಯಂತ್ರಗಳ ಸದ್ದು ದೂರವಾಯಿತು. ಆಮೇಲೆ ಅವರು, “ನೀನು ಯಾರು?” ಎಂದರು. ಹೇಳಿದೆ. “ಫೋನಲ್ಲಿ ಆಗಲ್ಲ. ಕಾಕಿ ಬುಕಿತ್ ಗೊತ್ತಾ? ಊಟದ ಟೈಮಲ್ಲಿ ಬಾ.”

ಅವರದ್ದು ಪರದೆ ಹೊಲಿಯುವ ಸ್ವಂತ ಕಾರ್ಖಾನೆ. ಕಟ್ಟುತ್ತಿದ್ದ ಹೋಟೆಲುಗಳಿಗೆಲ್ಲ ಪರದೆ ಬೇಕಿತ್ತು. ಒಂದು ಮಹಡಿ ತುಂಬ ಯಂತ್ರಗಳು, ನೆಲದ ಮೇಲೆ ಬಟ್ಟೆಯ ಸುರುಳಿಗಳು. ಐವತ್ತೈದು ದಾಟಿರಬಹುದಾದ ಆ ಆಂಟಿ ಮೂವರೊಂದಿಗೆ ಮೂರು ಭಾಷೆಯಲ್ಲಿ ಮಾತಾಡುತ್ತಾ ನನಗೆ ಕುರ್ಚಿ ತೋರಿಸಿದರು. ನನ್ನ ಬೆಂಗಳೂರು ತಮಿಳು ಕೇಳಿ ಸ್ವಲ್ಪ ನಕ್ಕರು. ಆಮೇಲೆ ಇಂಗ್ಲಿಷು ತಮಿಳು ಬೆರೆಸಿ ಹೇಳತೊಡಗಿದರು.

“ನಮ್ಮ ತಾತ ಮಲಯದ ಜೋಹೋರಲ್ಲಿ ರೈಲ್ವೆ ಗ್ಯಾಂಗ್‌ಮನ್. ಹಳಿ ನೋಡ್ಕೊಳ್ಳೋ ಕೆಲಸ. ಒಂದು ವರ್ಷ ಮಳೆ ಬಂದು ಹಳಿ ಕೆಳಗಿನ ಮಣ್ಣೆಲ್ಲ ಕೊಚ್ಕೊಂಡು ಹೋಯ್ತಂತೆ. ರೈಲು ಬಂದ್. ಆವಾಗಲೇ ನಮ್ಮ ಅಜ್ಜಿಗೆ ನೋವು ಬಂದಿದ್ದು. ಎರಡು ದಿನ ಆದ್ರೂ ಮಗು ಬರಲಿಲ್ಲ. ಆಸ್ಪತ್ರೆ ಮೂರು ಸ್ಟೇಷನ್ ಆಚೆ. ಹಳಿ ಚೆಕ್ ಮಾಡೋಕೆ ಒಬ್ಬ ವೆಳ್ಳೈಕಾರ, ಬಿಳಿ ಎಂಜಿನಿಯರ್ ಬಂದಿದ್ರು, ಅವರ ಹತ್ರ ತಳ್ಳೋ ಟ್ರಾಲಿ ಇತ್ತು. ಅಜ್ಜೀನ ಅದರ ಮೇಲೆ ಮಲಗಿಸಿದ್ರು. ಜನ ತಳ್ಳಿದ್ರು. ಅವರು ಮುಂದೆ ನಡ್ಕೊಂಡು, ಕಬ್ಬಿಣದ ಸಲಾಕೆಯಿಂದ ಹಳಿ ಹೊರೋ ಒಂದೊಂದು ಸ್ಲೀಪರ್ ಮರಾನೂ ಕುಟ್ಟಿ ನೋಡ್ತಾ, ಬನ್ನಿ ಬನ್ನಿ ಅಂತ ಕರ್ಕೊಂಡು ಹೋದ್ರು. ಹಳಿ ಕೆಳಗೆ ಏನೂ ಇಲ್ಲದ ಕಡೆ ಟ್ರಾಲೀನೇ ಎತ್ಕೊಂಡು ನೀರೊಳಗೆ ನಡೆದ್ರಂತೆ, ಅವರೂ ಒಂದು ಮೂಲೆ ಹಿಡ್ಕೊಂಡು.”

ಹುಡುಗಿಯೊಬ್ಬಳು ಬಟ್ಟೆಯ ತುಂಡು ತಂದು ತೋರಿಸಿದಳು. ಆಂಟಿ ಬೆರಳಿಂದ ಅಳೆದು, ತಲೆಯಾಡಿಸಿ ಕಳಿಸಿದರು.

“ಆಸ್ಪತ್ರೆ ತಲುಪೋಕೆ ಮುಂಚೆ ಟ್ರಾಲಿ ಮೇಲೇ ಹುಟ್ಟಿದ್ರು ನಮ್ಮಪ್ಪ. ತಾತ ಆ ದೊರೆ ಹೆಸರನ್ನೇ ಇಟ್ಟುಬಿಟ್ರು. ಅಜ್ಜಿ ನಾಲಿಗೆಗೆ ಅದು ತಿರುಗ್ತಿರಲಿಲ್ಲ. ನಡುವೆ ‘ವೇಲ್’ ಅಂತ ಇದೆಯಲ್ಲ, ಅದನ್ನ ಹಿಡ್ಕೊಂಡು ವೇಲು ವೇಲು ಅಂತ ಕರೀತಿದ್ರು. ಮುರುಗನ ಹೆಸರೂ ಆಯ್ತು.”

“ಅವರು ಏನಾದರು ಆಂಟಿ, ಆ ಎಂಜಿನಿಯರ್?”

“ಅಪ್ಪನಿಗೆ ಮೊದಲ ಕೂದಲು ತೆಗೆಸೋವಾಗ ಬಂದಿದ್ರಂತೆ. ಮಾರನೇ ವರ್ಷ ಜ್ವರ ಬಂದು ರೈಲ್ವೆ ಕೂಲಿಗಳ ನಮ್ಮ ಲೈನ್ ಮನೆಗಳ ಹತ್ತಿರಾನೇ ಸತ್ತರು. ಅಜ್ಜಿ ಗಂಜಿ ಮಾಡಿ ಕೊಡ್ತಿದ್ರಂತೆ. ಹಳಿ ಪಕ್ಕ ಹೂಳಿದ್ರು. ಆಮೇಲೆ ಹಳಿ ದಾರಿ ಬದಲಾಯ್ತು, ಈಗ ಎಲ್ಲ ಕಾಡು.”

ರಕ್ತಸಂಬಂಧ ಏನಾದರೂ ಇರಬಹುದೇ ಎಂಬ ಪ್ರಶ್ನೆಯನ್ನು ಹೇಗೆ ಕೇಳುವುದೋ ತಿಳಿಯದೆ ಒದ್ದಾಡುತ್ತಿದ್ದೆ. ಅವರೇ ಅರ್ಥಮಾಡಿಕೊಂಡರು. “ನೀನು ಯೋಚಿಸ್ತಿರೋ ಹಾಗಲ್ಲಮ್ಮಾ. ನಮ್ಮಪ್ಪ ಕಪ್ಪಗೆ, ತಾತನ ಅಚ್ಚು. ಆ ಮನುಷ್ಯನಿಗೆ ನಾವು ಯಾರೂ ಅಲ್ಲ. ಅಷ್ಟು ಮಾಡೋಕೆ ಯಾರಾದ್ರೂ ಆಗಲೇಬೇಕಾ?”

ಮರುದಿನ ಎಂಜಿನಿಯರ್ ಮನೆಗೆ ಹೋದೆ. ಮ್ಯಾನೇಜರ್ ಲಿಫ್ಟಿನವರೆಗೆ ಬಂದು, “ನಾನೂ ಬರ್ಲಾ?” ಎಂದರು. ನಾನು ಬೇಡವೆಂದೆ.

ಎಂಜಿನಿಯರ್ ಆರು ಜನರಿಗೂ ವಿಮಾನ ವಿಚಾರಿಸಿ ಇಟ್ಟಿದ್ದರು. ನಾನು ಮೊದಲು ‘ಡಿ/ಓ’ ವಿಷಯ ಹೇಳಿದೆ, ಆಮೇಲೆ ಟ್ರಾಲಿಯ ವಿಷಯ. ಅವರು ನಡುವೆ ಒಂದೇ ಒಂದು ಪ್ರಶ್ನೆ ಕೇಳಿದರು, ಮೂಲ ಫೈಲನ್ನು ನಾನೇ ಕಣ್ಣಾರೆ ನೋಡಿದೆನೇ ಎಂದು. ಹೌದೆಂದೆ. ಎದ್ದು ಹೋಗಿ ಬಾಲ್ಕನಿಯ ಬಾಗಿಲು ಮುಚ್ಚಿದರು, ಮತ್ತೆ ತೆಗೆದರು.

“ನನ್ನ ತಂಗಿಗೆ ಹೇಳಿದ್ದೇನೆ. ಎಲ್ಲರಿಗೂ ಹೇಳಿದ್ದೇನೆ. ನಿಮ್ಮ ಯಂತ್ರದ ಮೇಲೆ ನಂಬಿಕೆಯಿಟ್ಟು ಹೇಳಿದ್ದೇನೆ” ಎಂದರು. ಅವರ ದನಿ ಏರಿತ್ತು. ನಾನು ಕ್ಷಮೆ ಕೇಳಿದೆ. ಅವರು ಕುಳಿತುಕೊಂಡರು. “ಸ್ಲೀಪರುಗಳನ್ನು ಕುಟ್ಟಿ ನೋಡುತ್ತಾ ಹೋದರಂತೆಯೇ?” ಎಂದು ಕೇಳಿದರು. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಹೇಳಿಸಿಕೊಂಡು, “ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ” ಎಂದರು.

ಆಂಟಿಯ ಒಪ್ಪಿಗೆ ಕೇಳಿ, ಇಬ್ಬರೂ ಕಾಕಿ ಬುಕಿತ್‌ಗೆ ಹೋದೆವು. ಎಂಜಿನಿಯರ್ ಇಸ್ತ್ರಿ ಮಾಡಿದ ಅಂಗಿ, ಟೈ ಹಾಕಿಕೊಂಡು ಬಂದಿದ್ದರು. ಆಂಟಿ ಅವತ್ತು ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಊಟಕ್ಕೆ ಕಳಿಸಿದ್ದರು. ಕಥೆ ಮತ್ತೆ ನಡೆಯಿತು. ಮುಗಿದ ಮೇಲೆ ಎಂಜಿನಿಯರ್ ಕೇಳಿದರು: “ನಮ್ಮ ಬಗ್ಗೆ, ಮನೆಯವರ ಬಗ್ಗೆ, ಅವರು ಏನಾದರೂ ಹೇಳುತ್ತಿದ್ದರೇ?”

ಆಂಟಿ ನನ್ನ ಕಡೆ ನೋಡಿದರು. ಈ ಭಾಗವನ್ನು ಅವರು ನನಗೂ ಹೇಳಿರಲಿಲ್ಲ.

“ತನಗೆ ಯಾರೂ ಇಲ್ಲ ಅಂತಿದ್ರಂತೆ.”

ಎಂಜಿನಿಯರ್ ತಲೆಯಾಡಿಸಿದರು. “ನಮ್ಮ ಮನೆಯಲ್ಲೂ ಹಾಗೇ. ಅಂಥವನು ಯಾರೂ ಇಲ್ಲ ಎನ್ನುತ್ತಿದ್ದರು.” ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು. ಒರೆಸುತ್ತಲೇ ಇದ್ದರು.

ಆಮೇಲೆ ಅವರು ಒಂದು ಮಾತು ಕೇಳಿದರು. ಸಂಬಂಧ ಇಲ್ಲದಿದ್ದರೂ ಪರವಾಗಿಲ್ಲ. ಆರು ಚುಕ್ಕೆಗಳನ್ನು ನಕ್ಷೆಯಲ್ಲಿ ಹಾಗೇ ಬಿಡಬಹುದೇ? ಅವರನ್ನು ತೋರ್ವೆಲ್‌ಬಿಗಳೆಂದು ಕರೆಯಬಹುದೇ? ಅವರು ಎಷ್ಟು ಆಸೆಯಿಂದ ಕೇಳಿದರೆಂದರೆ, ಆಂಟಿ ಹೂಂ ಎಂದುಬಿಡಲಿ ಎಂದು ನಾನೂ ಬಯಸಿದೆ.

“ಅದು ನನ್ನ ಹೆಸರಲ್ಲ ಸರ್” ಎಂದರು ಆಂಟಿ. “ನಮ್ಮಪ್ಪನ ಹೆಸರು. ನನ್ನ ಮಕ್ಕಳಿಗೆ ನನ್ನ ಗಂಡನ ಹೆಸರು. ನನ್ನ ತಮ್ಮಂದಿರ ಮಕ್ಕಳಿಗೆ ತಮ್ಮಂದಿರ ಹೆಸರು. ಈ ಆರು ಜನ ಹೋದ ಮೇಲೆ ಇಲ್ಲಿ ಆ ಹೆಸರು ಇರಲ್ಲ. ಅಪ್ಪನ ಹೆಸರು ಬೇಕಾದ್ರೆ ಹಾಕಿ. ನಮ್ಮದು ಬೇಡ. ಅಚ್ಚಾಗೋ ಮುಂಚೆ ನನಗೆ ತೋರಿಸಿ.”

ಎಂಜಿನಿಯರ್ ಎದ್ದು ನಿಂತು ಅವರ ಕೈ ಕುಲುಕಿದರು. ಕೆಳಗೆ ಬಂದು ಟ್ಯಾಕ್ಸಿಗೆ ಕಾಯುವಾಗ, ತಂಗಿಗೆ ಅವತ್ತೇ ಫೋನ್ ಮಾಡಿ ಎಲ್ಲವನ್ನೂ ಹೇಳುವುದಾಗಿ ತಿಳಿಸಿದರು.

ಆಫೀಸಿಗೆ ಬಂದು ಆರು ಚುಕ್ಕೆಗಳನ್ನು ಅಳಿಸಿದೆ. ಒಂದು ಹೊಸ ಚುಕ್ಕೆ ಹಾಕಬೇಕಿತ್ತು. ಅದೇ ಕಷ್ಟವಾಯಿತು. ಸಿಂಗಪುರದಲ್ಲಿ ಒಂದೊಂದು ಕಟ್ಟಡಕ್ಕೂ ಆರು ಅಂಕಿಯ ಪಿನ್‌ಕೋಡಿದೆ. ರೈಲು ಹಳಿಯ ಮೇಲೆ, ಎರಡು ಸ್ಟೇಷನ್ನುಗಳ ನಡುವೆ ಟ್ರಾಲಿಯಲ್ಲಿ ಹುಟ್ಟಿದವನಿಗೆ ಯಾವ ಕೋಡು? ವಿಳಾಸ ಇಲ್ಲದ ಚುಕ್ಕೆಯನ್ನು ಪ್ರೋಗ್ರಾಮು ಸ್ವೀಕರಿಸಲಿಲ್ಲ. ಗ್ರಂಥಾಲಯದಿಂದ ಜೋಹೋರಿನ ಹಳೆಯ ಭೂಪಟ ತಂದು, ಈಗಿಲ್ಲದ ಹಳಿಯ ದಾರಿಯನ್ನು ಗುರುತಿಸಿ, ಅಳೆದು, ನಿಯಮಗಳನ್ನೆಲ್ಲ ಬದಿಗಿಟ್ಟು ಕೈಯಿಂದಲೇ ಚುಕ್ಕೆ ಇಟ್ಟೆ. ಪಕ್ಕದಲ್ಲಿ ತೋರ್ವೆಲ್‌ಬಿ, ಅದರ ಕೆಳಗೆ ವೇಲು ಎಂದು ಬರೆದೆ. ಹಿಂದೆ ಬಂದು ನಿಂತಿದ್ದ ಮ್ಯಾನೇಜರ್ ಬ್ರೋಷರಿನ ಮಾತೆತ್ತಲಿಲ್ಲ. “ಲೇಬಲ್ ಸ್ವಲ್ಪ ಮ್ಯಾಲೆ ತಗೊಳ್ರಿ, ಸಮುದ್ರದೊಳಗ ಹೊಂಟದ” ಎಂದರು.

ಅಚ್ಚಿಗೆ ಹೋಗುವ ಮುಂಚೆ ಕರಡನ್ನು ಕಾಕಿ ಬುಕಿತ್‌ಗೆ ಒಯ್ದೆ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಹರಡಿದೆ. ಆಂಟಿ ಲಿಂಕನ್‌ಷೈರನ್ನು ನೋಡಲಿಲ್ಲ, ಆಸ್ಟ್ರೇಲಿಯಾವನ್ನೂ ನೋಡಲಿಲ್ಲ. ನೇರ ಜೋಹೋರಿಗೆ ಬಂದು, ಚುಕ್ಕೆಯ ಮೇಲೆ ಬಗ್ಗಿದರು. ಬೆರಳು ಹಳಿಯ ಗೆರೆಯ ಮೇಲೆ ಮೆಲ್ಲಗೆ ಸರಿಯಿತು.

“ಇಲ್ಲಲ್ಲಮ್ಮಾ. ಇಲ್ಲಿ ಇನ್ನೂ ನದಿ ದಾಟಿಲ್ಲ. ಸೇತುವೆ ಮೇಲೆ ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರಂತೆ. ಆ ಕಡೆ ದಡ ಸೇರಿದ ಮೇಲೆ, ಆ ದೊರೆ ಟ್ರಾಲಿ ನಿಲ್ಲಿಸಿ ಎಲ್ಲರನ್ನೂ ದೂರ ಕಳಿಸಿ ಬೆನ್ನು ತಿರುಗಿಸಿ ನಿಂತರಂತೆ. ಆವಾಗ ಹುಟ್ಟಿದ್ದು.”

ಮೇಜಿನ ಮೇಲಿದ್ದ ದರ್ಜಿಯ ಸೀಮೆಸುಣ್ಣ ಎತ್ತಿಕೊಂಡು, ನದಿಯ ಆಚೆ ದಡದಲ್ಲಿ ಒಂದು ಸಣ್ಣ ಗುರುತು ಹಾಕಿದರು. ಸ್ವಲ್ಪ ಹಿಂದೆ ಸರಿದು ನೋಡಿದರು. ಮತ್ತೆ ಬಗ್ಗಿ, ಅದರ ಮೇಲೆಯೇ ಇನ್ನೊಮ್ಮೆ ಒತ್ತಿ ಎಳೆದರು.